ಚಾರ್ಟಿನಲ್ಲಿ ಇಲ್ಲದ ಬಡಾವಣೆ

ಪರದೆಯ ಮೇಲೆ ಚಾರ್ಟ್ ಮತ್ತೆ ಮೂಡಿದಾಗ ಅದರಲ್ಲಿ ಒಂದು ಹೊಸ ಹೆಸರಿತ್ತು: ಗುಡ್ಡದ ಬಡಾವಣೆ. ಅದರ ಮೇಲೆ ಕಂಬವಿರಲಿಲ್ಲ, ಬರೀ ಸೊನ್ನೆ.

“ಇದು ಇಷ್ಟು ದಿನ ಎಲ್ಲಿ ಅಡಗಿತ್ತಮ್ಮ?” ಎಂದರು ಆಸ್ಪತ್ರೆಯ ದೊಡ್ಡ ಡಾಕ್ಟರು. ನರ್ಸುಗಳು ಯಾವ ಬಡಾವಣೆಯಲ್ಲಿ ಎಷ್ಟು ಬಾಣಂತಿಯರನ್ನು ನೋಡಿಬಂದರೆಂದು ತೋರಿಸುವ ಚಾರ್ಟ್ ಅದು. ಪ್ರತಿ ತಿಂಗಳೂ ಗಿಡ್ಡ ಕಂಬ ಕಂಡ ಕಡೆಗೆ ಅವರು ಇನ್ನಷ್ಟು ನರ್ಸುಗಳನ್ನು ಕಳಿಸುತ್ತಿದ್ದರು.

ಚಾರ್ಟ್ ಮಾಡಿದ ಹುಡುಗಿ ಪರದೆಯ ಮೇಲಿನ ಆ ಸೊನ್ನೆಯತ್ತ ಬೆರಳು ತೋರಿಸಿದಳು. “ಕಂಪ್ಯೂಟರಿನಿಂದ ಲೆಕ್ಕ ತೆಗೆಸೋ ಕ್ವೆರಿನ ಭೇಟಿಗಳನ್ನಷ್ಟೇ ಎಣಿಸೋ ಹಾಗೆ ಬರೆದಿದ್ದೆ ಸರ್. ಯಾರೂ ಹೋಗದ ಬಡಾವಣೆ ಲೆಕ್ಕಕ್ಕೇ ಬರ್ತಿರಲಿಲ್ಲ. ಇವತ್ತು ಯಾಕೋ ಅನುಮಾನ ಬಂತು. ಮೊದಲು ಎಲ್ಲಾ ಬಡಾವಣೆಗಳ ಪಟ್ಟಿ ತಗೊಂಡು, ಆಮೇಲೆ ಭೇಟಿಗಳನ್ನ ಜೋಡಿಸಿದೆ. ಏನೂ ಸಿಗದ ಕಡೆ ಸೊನ್ನೆ ಬರೋ ಹಾಗೆ ಮಾಡಿದೆ.”

“ಅಷ್ಟೇನಾ ಬದಲಾಯಿಸಿದ್ದು?”

“ಅಷ್ಟೇ ಸರ್.”

ಡಾಕ್ಟರು ಪಕ್ಕದಲ್ಲಿದ್ದ ಹಿರಿಯ ನರ್ಸಿನತ್ತ ತಿರುಗಿ, “ಸಿಸ್ಟರ್, ಈಗಲೇ ಅಲ್ಲಿಗೆ ಹೊರಡಿ” ಎಂದರು.

ನರ್ಸ್ ಚೀಲ ಹೆಗಲಿಗೇರಿಸಿಕೊಂಡವರು ಬಾಗಿಲಲ್ಲೇ ನಿಂತರು. “ಹೋಗ್ತೀನಿ ಸರ್. ಹೋದ ತಿಂಗಳು ಜ್ವರ ಏರಿ ತೀರಿಕೊಂಡಳಲ್ಲ ಆ ಬಾಣಂತಿ, ಅವಳ ಮನೆ ಅಲ್ಲೇ. ಅವಳಮ್ಮ ಬಾಗಿಲು ತೆಗೆದ್ರೆ ಏನಂತ ಹೇಳ್ಲಿ?”

ಹುಡುಗಿ ಎದ್ದು ಚಪ್ಪಲಿ ಮೆಟ್ಟಿಕೊಂಡಳು. “ನಾನೂ ಬರ್ತೀನಿ ಸಿಸ್ಟರ್,” ಎಂದಳು. “ನಾನೇ ಹೇಳ್ತೀನಿ.”