ಉಗ್ರಾಣದ ಕಾವಲು

ಬಚ್ಚಪ್ಪನವರು ಚಪ್ಪಲಿ ಬಿಡುವ ತಾಳ್ಮೆಯೂ ಇಲ್ಲದೆ ಆಡಿಟರ್ ವೀರಭದ್ರಯ್ಯನವರ ಕೋಣೆಗೆ ನುಗ್ಗಿದರು. ಮಗಳು ಕುಸುಮಾಳ ಸಂಬಂಧ ಮುರಿದುಬಿದ್ದಿತ್ತು. ತರಕಾರಿ ಮಂಡಿಯ ಯಜಮಾನರ ಮಗಳೆಂದು ಒಪ್ಪಿ, ಲಗ್ನಪತ್ರಿಕೆಗೆ ದಿನವನ್ನೂ ನೋಡಿದ್ದ ಗಂಡಿನ ಕಡೆಯವರು ಇವರ ಆದಾಯ ತೆರಿಗೆಯ ರಿಟರ್ನನ್ನು ಎಲ್ಲಿಂದಲೋ ಸಂಪಾದಿಸಿ ಓದಿದ್ದರು. ಇಷ್ಟು ಬಡವರ ಮನೆಯ ಹೆಣ್ಣು ನಮಗೆ ಬೇಡವೆಂದು ಫೋನಿನಲ್ಲೇ ಹೇಳಿ ಮುಗಿಸಿದ್ದರಂತೆ.

"ಸರ್ಕಾರಕ್ಕೆ ಹೇಳೋದು ಸರ್ಕಾರಕ್ಕೆ, ಬೀಗರಿಗೆ ಹೇಳೋದು ಬೀಗರಿಗೆ. ಎರಡೂ ಒಂದೇ ಕಡೆ ಸೇರಿದ್ರೆ ಮನುಷ್ಯ ಬದುಕೋದು ಹೆಂಗೆ ಸಾರ್?" ಎಂದರು ಬಚ್ಚಪ್ಪ. "ಇದು ನಿಮ್ಮ ಆಫೀಸಿಂದಲೇ ಹೋಗಿರೋದು."

ಶಂಕರಪುರದಲ್ಲಿ ವೀರಭದ್ರಯ್ಯನವರ ತಂದೆಯ ಕಾಲದಿಂದ ನಡೆದುಬಂದ ಕಚೇರಿ ಅದು. ಜನ ಕಟ್ಟಿಕೊಂಡ ಹೆಂಡತಿಗೂ ಹೇಳದ್ದನ್ನು ಅಲ್ಲಿ ಬಂದು ಹೇಳಿಹೋಗುತ್ತಿದ್ದರು. ಅಂಥ ಕಡೆ ಕಳ್ಳತನವೆಂದರೆ ಯಾರು? ಅವರ ಕಣ್ಣು ನೇರವಾಗಿ ಲೆಕ್ಕ ಬರೆಯುವ ವಿಶಾಖಾಳ ಮೇಲೆ ಹೋಗಿ ನಿಂತಿತು. ಉಳಿದವರೆಲ್ಲ ಗೊತ್ತಿದ್ದ ಮನೆಗಳವರು, ಗೊತ್ತಿದ್ದವರು ಹೇಳಿ ಸೇರಿಸಿದವರು. ಇವಳೊಬ್ಬಳು ಜಾಹೀರಾತು ನೋಡಿ, ಪರೀಕ್ಷೆ ಬರೆದು, ಎಲ್ಲರಿಗಿಂತ ಹೆಚ್ಚು ಅಂಕ ತೆಗೆದು ಬಂದವಳು. ಅದೇ ಅವಳ ತಪ್ಪೆಂದು ಅವರೇನೂ ಬಾಯಿಬಿಟ್ಟು ಹೇಳಲಿಲ್ಲ.

ಕರೆದು ಕೇಳಿದರು. ಇಲ್ಲವೆಂದಳು. ಗದರಿಸಿ ಕೇಳಿದರು, ಆಗಲೂ ಇಲ್ಲವೆಂದಳು. ತಡವರಿಸಿದ್ದರೆ ತಪ್ಪು ಮಾಡಿದ್ದಾಳೆ ಎನ್ನಬಹುದಿತ್ತು. ತಡವರಿಸದಿದ್ದದ್ದಕ್ಕೆ ಪಳಗಿದ ಕಳ್ಳಿ ಎಂದುಕೊಂಡರು. ಸಾಕ್ಷಿ ಸಿಕ್ಕ ದಿನವೇ ಮನೆಗೆ ನಡಿ ಎಂದು ಹೇಳಿ ಕಳಿಸಿದರು. ಅವಳ ಸಂಬಳದಲ್ಲೇ ಅವಳ ಮನೆಯ ಒಲೆ ಉರಿಯುತ್ತಿತ್ತು. ಈ ಹೆಸರು ಹೊತ್ತು ಹೊರಬಿದ್ದರೆ ಬಸವನಗುಡಿಯಿಂದ ಚಾಮರಾಜಪೇಟೆಯವರೆಗೆ ಯಾವ ಆಡಿಟರೂ ಅವಳನ್ನು ಒಳಗೆ ಬಿಟ್ಟುಕೊಳ್ಳುವಂತಿರಲಿಲ್ಲ.

ಸಾಕ್ಷಿ ಹಿಡಿಯಲು ಕಂಪ್ಯೂಟರ್ ವೇಣು ಬಂದ. ಅವನ ಬಳಿ ಎರಡು ಬಗೆಯ ಸಾಫ್ಟ್‌ವೇರ್ ಇತ್ತು. ಆಂಟಿವೈರಸ್ ಸಾಕೇ, ಡಿಎಲ್‌ಪಿ ಎನ್ನುವುದೂ ಬೇಕೇ, ಎರಡಕ್ಕೂ ಏನು ವ್ಯತ್ಯಾಸ ಎಂದು ವೀರಭದ್ರಯ್ಯನವರು ಕೇಳಿದರು.

"ಆಂಟಿವೈರಸ್ ಅಂದ್ರೆ ಮದುವೆ ಛತ್ರದ ಬಾಗಿಲಲ್ಲಿ ನಿಂತಿರೋನು ಸಾರ್, ಕರೀದೆ ಬಂದೋರನ್ನ ಒಳಗೆ ಬಿಡಲ್ಲ. ಡಿಎಲ್‌ಪಿ ಉಗ್ರಾಣದ ಮುಂದೆ ಕೂತಿರೋನು. ತುಪ್ಪದ ಡಬ್ಬ ಹೊರಗೆ ಹೊರಟ್ರೆ ಹಿಡೀತಾನೆ, ತಗೊಂಡು ಹೋಗೋರು ಯಾರೇ ಆಗ್ಲಿ."

ಹಾಗಾದರೆ ಉಗ್ರಾಣದವನೇ ಬೇಕು ಎಂದರು ವೀರಭದ್ರಯ್ಯ. ಬಾಗಿಲಿನವನ ಮಾತು ಆಮೇಲೆ ನೋಡೋಣ, ಕಳ್ಳಿ ಹೇಗೂ ಒಳಗೇ ಇದ್ದಾಳಲ್ಲ. ವೇಣು ಕಚೇರಿಯ ಕಂಪ್ಯೂಟರುಗಳಿಗೆಲ್ಲ ಅದನ್ನು ಹಾಕಿದ. ತಮ್ಮ ಕಡೆಯಿಂದ ಎಷ್ಟು ಬಿಗಿ ಮಾಡಿದ್ದೇನೆಂದು ತೋರಿಸಲು ವೀರಭದ್ರಯ್ಯನವರು ಬಚ್ಚಪ್ಪನವರನ್ನೂ ಕರೆಸಿ ಕಾಫಿ ಕೊಡಿಸಿದರು. ಕಳ್ಳಿಗೂ ಸ್ವಲ್ಪ ಭಯವಿರಲಿ ಎಂದು ವಿಶಾಖಾಳನ್ನೂ ಕೋಣೆಯಲ್ಲೇ ನಿಲ್ಲಿಸಿಕೊಂಡರು.

ಆ ಹೊತ್ತಿಗೆ ಸರಿಯಾಗಿ ವೀರಭದ್ರಯ್ಯನವರ ಅಕ್ಕನ ಫೋನು ಬಂತು. ಅಕ್ಕ ತುಳಸಮ್ಮ ಮಲ್ಲೇಶ್ವರದಲ್ಲಿ ವಧೂವರರ ಕೇಂದ್ರ ನಡೆಸುತ್ತಿದ್ದಾರೆ. ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ ಹೇಳಿಕೊಳ್ಳುವ ವರಮಾನ ನಿಜವೇ ಎಂದು ನೋಡಬೇಕಾದಾಗ ತಮ್ಮನಿಗೆ ಹೆಸರು ಹೇಳುತ್ತಾರೆ, ಇವರು ಆ ಹೆಸರಿನವರ ರಿಟರ್ನ್ ಕಳಿಸುತ್ತಾರೆ. ಯಾರದ್ದು ಕಳಿಸಿದೆನೆಂಬುದನ್ನು ಮರುಗಳಿಗೆ ಮರೆತೂ ಬಿಡುತ್ತಾರೆ. ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತದೆ ಲೋಕ. ತಾನು ನಿಜ ಹೇಳಿ ಮಾಡಿಸುತ್ತಿದ್ದೇನೆ, ಇದರಲ್ಲಿ ಪುಣ್ಯವೇ ಹೆಚ್ಚೆಂದು ಅವರ ನಂಬಿಕೆ. ಅಕ್ಕನೇನು ಹೊರಗಿನವಳೇ? ಬಂದವರಿಗೆ ಒಂದು ನಿಮಿಷ ಎಂದು ಹೇಳಿ, ಅಕ್ಕ ಕೇಳಿದ ರಿಟರ್ನನ್ನು ತೆರೆದು ನೋಡಿ, ಮೇಲ್‌ಗೆ ಸೇರಿಸಿ ಗುಂಡಿ ಒತ್ತಿದರು.

ಪರದೆಯ ಮೇಲೆ ಕೆಂಪು ಚೌಕವೊಂದು ಧುತ್ತನೆ ಎದ್ದಿತು. ಗ್ರಾಹಕರ ಗುಟ್ಟಿನ ಮಾಹಿತಿ ಹೊರಹೋಗುತ್ತಿತ್ತು, ತಡೆಯಲಾಗಿದೆ ಎಂದು ಅದು ಹೇಳುತ್ತಿತ್ತು. ಹಿಡೀತು ಸಾರ್ ಎಂದು ಹಿಗ್ಗಿದ ವೇಣು, ಹಿಡಿದದ್ದು ಯಾರನ್ನೆಂದು ನೋಡಿ ಒಂದು ಹೆಜ್ಜೆ ಹಿಂದೆ ಸರಿದ.

"ನಮ್ದೂ ಹಿಂಗೇ ಹೋಯ್ತಾ ಸಾರ್?" ಎಂದರು ಬಚ್ಚಪ್ಪ.

ವೀರಭದ್ರಯ್ಯನವರಿಗೆ ಆಗ ನೆನಪಾಯಿತು. ಅಕ್ಕ ಕೇಳಿದ್ದಳು, ನಮ್ಮವಳೇ ಅಲ್ಲವೇ ಎಂದು ಏನೇನೋ ತೊದಲಿದರು. ವಿಶಾಖಾ ನಿಂತ ಕಡೆಗೆ ತಲೆಯೆತ್ತಲು ಅವರಿಗೆ ಧೈರ್ಯವಾಗಲಿಲ್ಲ. ಬಚ್ಚಪ್ಪನವರ ಬಾಯಿಂದ ಇನ್ನೇನು ಬೈಗುಳ ಸುರಿಯುತ್ತದೆಂದು ಕಾದರು.

ಬಚ್ಚಪ್ಪನವರು ಬೈಯಲಿಲ್ಲ. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಪರದೆಗೆ ಬಗ್ಗಿದರು. ಕೆಂಪು ಚೌಕದ ಹಿಂದೆ ಆ ರಿಟರ್ನ್ ಇನ್ನೂ ತೆರೆದೇ ಇತ್ತು.

"ಬಿನ್ನಿಪೇಟೆ ಮುರುಗೇಶ್ ಅಲ್ವಾ ಇದು? ಪರವಾಗಿಲ್ವೇ, ಅಂಗಡಿ ಇಷ್ಟು ಚೆನ್ನಾಗಿ ನಡೀತಿದೆಯಾ," ಎಂದರು. ಅವರ ದನಿ ಮೆತ್ತಗಾಗಿತ್ತು. "ಅವರ ಹುಡುಗಂಗೆ ಇನ್ನೂ ಎಲ್ಲೂ ಹೆಣ್ಣು ಗೊತ್ತಾಗಿಲ್ಲ ತಾನೆ? ಸ್ವಲ್ಪ ಕೆಳಗೆ ತಳ್ಳಿ ಸಾರ್, ಸಾಲ ಗೀಲ ಏನಾದ್ರೂ ಇದೆಯಾ ನೋಡಣ."

ಹೋದ ಜೀವ ಬಂದಂತಾಗಿ ವೀರಭದ್ರಯ್ಯನವರ ಕೈ ತಾನಾಗಿಯೇ ಮೌಸಿನ ಮೇಲೆ ಹೋಯಿತು. ವೇಣುವೂ ಕುತೂಹಲ ತಡೆಯಲಾರದೆ ಹತ್ತಿರ ಸರಿದ.

"ಅದು ಬೇರೆಯವರದು ಸಾರ್," ಎಂದಳು ವಿಶಾಖಾ. ಮೇಜಿನ ಬಳಿ ಬಂದು ಕೈಚಾಚಿ ಪರದೆಯ ಸ್ವಿಚ್ಚು ಆರಿಸಿದಳು. ಕಪ್ಪಾದ ಗಾಜಿನಲ್ಲಿ, ಬಗ್ಗಿ ನೋಡುತ್ತಿದ್ದ ಮೂರು ಮುಖಗಳು ಮಾತ್ರ ಉಳಿದವು.