ಚಕೋರದ ಹಸಿವು

ಚಂದ್ರ ನಂದಿಹೋದ ಮೇಲೆ ಚಕೋರಗಳು ಮನುಷ್ಯರ ಮುಖದ ಬೆಳಕನ್ನೇ ಕುಡಿದು ಬದುಕುವುದನ್ನು ಕಲಿತಿದ್ದವು. ಧಾರವಾಡದ ಕನ್ನಡ ಅಧ್ಯಾಪಕಿ ನೀಲಾಂಬಿಕಾ ಸಾಕಿದ ಚಕೋರ ಮರಿಯಾಗಿದ್ದಾಗಿನಿಂದ ಅವಳ ಮುಖವನ್ನು ಬಿಟ್ಟು ಬೇರೆ ಕಡೆ ಕತ್ತು ತಿರುಗಿಸಿರಲಿಲ್ಲ. ಅಷ್ಟರಲ್ಲಿ ತಂಗಿ ಶಾಂಭವಿ ಹಸುಗೂಸನ್ನು ಎತ್ತಿಕೊಂಡು ಬಾಣಂತನಕ್ಕೆ ಬಂದಳು. ಅಂದಿನಿಂದ ಹಕ್ಕಿ ಶಾಂಭವಿಯ ಮುಖವನ್ನೇ ನೋಡುತ್ತ ಅವಳ ಮಂಚ ಬಿಟ್ಟು ಕದಲಲಿಲ್ಲ.

ನೀಲಾಂಬಿಕಾಳ ಹೊಟ್ಟೆ ಉರಿಯಿತು. ಹಕ್ಕಿಯನ್ನು ತನ್ನ ಕೋಣೆಗೆ ತಂದು ಬಾಗಿಲು ಹಾಕಿದಳು. ಅದು ಗೋಡೆಗೆ ಮುಖ ಮಾಡಿ ಉಪವಾಸ ಕೂತಿತು. ಬರಬರುತ್ತ ಅದರ ರೆಕ್ಕೆಗಳು ಜೋತುಬಿದ್ದವು.

ಒಂದು ದಿನ ತರಗತಿಯಲ್ಲಿ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಕವಿಗಳು ಪ್ರೇಮಿಗೆ ಚಕೋರ ಅಂತಾರಲ್ರೀ, ಆ ಹೆಸರಿನ ಅರ್ಥ ಏನ್ರೀ?"

"ತೃಪ್ತಿ ಪಡೂದು ಅಂತ. ತಾ ಮೆಚ್ಚಿದ ಬೆಳಕು ಬಿಟ್ಟು ಬ್ಯಾರೆ ಏನೂ ಕುಡಿಯೂದಿಲ್ಲ ಅದು. ಸತ್ರೂ..." ನೀಲಾಂಬಿಕಾ ಪುಸ್ತಕ ಮುಚ್ಚಿಟ್ಟು ತರಗತಿಯಿಂದ ಹೊರಟಳು.

ಮನೆಗೆ ಓಡಿಬಂದವಳೇ ಹಕ್ಕಿಯನ್ನು ತಂಗಿಯ ಮಡಿಲಲ್ಲಿಟ್ಟಳು. ಅದು ಕತ್ತೆತ್ತಿ ಶಾಂಭವಿಯ ಮುಖವನ್ನು ಗಟಗಟನೆ ಕುಡಿಯತೊಡಗಿತು.

"ಅಳಬ್ಯಾಡ ಅಕ್ಕಾ. ಬಾ, ಇಲ್ಲೇ ಕೂಡು."

"ನನ್ನ ಹೊಟ್ಟಿಕಿಚ್ಚು ಇನ್ನೂ ಆರಿಲ್ಲ, ಶಾಂಭವಿ," ಎಂದಳು ನೀಲಾಂಬಿಕಾ. ಆದರೂ ಹಕ್ಕಿಯ ಕೊರಳು ಏರಿಳಿಯುವುದನ್ನೇ ನೋಡುತ್ತ ಪಕ್ಕದಲ್ಲಿ ಕೂತಳು. "ಕುಡೀಲಿ ಬಿಡು. ಭಾಳ ಹಸದೈತಿ."