ಒಂದೇ ಕಾಡತೂಸು

ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು ಹಾರಿಸುತ್ತಾರೆ, ಮನೆಯಲ್ಲಿ ಸಾವಾದರೆ ಎರಡು. ಗದ್ದೆಯಾಚೆಯವರು ಸದ್ದನ್ನು ಎಣಿಸಿಯೇ ಹೊರಡುತ್ತಾರೆ.

ಆ ಮಧ್ಯಾಹ್ನ ಮುದುಕಿಯ ಸೊಸೆ ದೇಚಮ್ಮ ಗಂಡು ಹೆತ್ತಳು. ಅವಳ ಗಂಡ ಉತ್ತಯ್ಯ ಬರ್ಮಾದ ಯುದ್ಧಕ್ಕೆ ಹೋಗಿದ್ದ. ಮನೆಯಲ್ಲಿ ಬೇರೆ ಗಂಡಸರಿರಲಿಲ್ಲ. ಮುದುಕಿ ತಾನೇ ಗೋಡೆಯಿಂದ ಕೋವಿ ಇಳಿಸಿದಳು.

“ಪೇಟೆಯಲ್ಲೆಲ್ಲೂ ಕಾಡತೂಸು ಸಿಗುವುದಿಲ್ಲ, ಎಲ್ಲ ಯುದ್ಧಕ್ಕೇ ಹೋಯ್ತು. ಇವನಿಗೇಂತ ಒಂದನ್ನು ಅಕ್ಕಿ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದೆ.”

“ಒಂದು ಸಾಕಾ ಮಾವಿ?” ಎಂದಳು ಸೊಸೆ.

“ಹುಟ್ಟಿಗೆ ಒಂದೇ ಅಲ್ವಾ ಮಗಳೇ? ಹೆರಿಗೆಯ ಸುಸ್ತಿನಲ್ಲಿ ಅದೂ ಮರೆತುಹೋಯ್ತಾ?”

“ಹಾಗಾದ್ರೆ ಮೊದಲು ಅದನ್ನು ಹಾರಿಸಿ ಬನ್ನಿ.”

ಗುಂಡು ಹಾರಿತು. ಗದ್ದೆಯಾಚೆಯಿಂದ ಕೇಕೆ ಕೇಳಿಸಿತು. ಮುದುಕಿ ಹೊಗೆಯಾಡುವ ಕೋವಿ ಹಿಡಿದೇ ಓಡಿಬಂದಳು.

“ಏನು ಸದ್ದು ಅಂತೀಯ! ನಿನ್ನ ಗಂಡನಿಗೂ ಕೇಳಿರಬೇಕು.”

ದೇಚಮ್ಮ ಮಗುವನ್ನು ಅತ್ತೆಯ ಮಡಿಲಿಗಿಟ್ಟು, ಅವಳ ಕೈಯಿಂದ ಕೋವಿ ತೆಗೆದುಕೊಂಡಳು. ಆಮೇಲೆ ದಿಂಬಿನಡಿ ಕೈಹಾಕಿ, ಒಂಬತ್ತು ದಿನದ ಹಿಂದೆ ಸೈನ್ಯದಿಂದ ಬಂದಿದ್ದ ಟೆಲಿಗ್ರಾಂ ಕಾಗದದಲ್ಲಿ ಸುತ್ತಿಟ್ಟಿದ್ದ ಎರಡು ಕಾಡತೂಸುಗಳನ್ನು ಹೊರತೆಗೆದಳು.